ಸ್ಕ್ಯಾನ್ ಬಿಲ್ಲಿನಲ್ಲಿ ಎಲ್ಲ ಇದೆ, ಎಷ್ಟು ರೇಡಿಯೇಷನ್ ಬಿತ್ತು ಅನ್ನೋದು ಮಾತ್ರ ಇಲ್ಲ

ಕಬ್ಬಿನ ಹೊಲ, ಜಮಖಂಡಿ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಕಿಡ್ನಿ ಸ್ಟೋನ್ ತೊಂದರೆ. ವಯಸ್ಸು ಇನ್ನೂ ಮೂವತ್ತೂ ಆಗಿಲ್ಲ. ನಮ್ಮ ಕಡೆ ಬಿಸಿಲು ಹೇಗೆ ಅಂತ ನಿಮಗೆ ಗೊತ್ತೇ ಇದೆ, ಹೊಲದಲ್ಲಿ ನೀರು ಕುಡಿಯೋದೂ ಕಡಿಮೆ. ನೋವು ಎದ್ದಾಗಲೆಲ್ಲ ಸಿ.ಟಿ. ಸ್ಕ್ಯಾನ್. ಬಾಗಲಕೋಟೆಯಲ್ಲಿ ಮಾಡಿಸಿದ್ದನ್ನು ಬೆಳಗಾವಿಗೆ ಒಯ್ದರೆ "ಈ ಸಿ.ಡಿ. ನಮ್ಮಲ್ಲಿ ಓಪನ್ ಆಗಂಗಿಲ್ಲ, ಹೊಸಾದು ಮಾಡಸ್ರಿ" ಅಂದರು. ಮಾಡಿಸಿದೆವು.

ಮುಗಿದ ಮೇಲೆ ಕೇಳಿದೆ, ಇವನಿಗೆ ಇವತ್ತು ಎಷ್ಟು ರೇಡಿಯೇಷನ್ ಬಿತ್ತು ಅಂತ. ಕೌಂಟರಿನವರು ಒಳಗಿನವರ ಕಡೆ ತೋರಿಸಿದರು. ಒಳಗಿನವರು "ಏನೂ ಆಗಂಗಿಲ್ಲ ತಗೋರಿ, ಹೆದರಬ್ಯಾಡ್ರಿ" ಅಂದರು. ನಾನು ಹೆದರಿ ಕೇಳಿದ್ದಲ್ಲ, ಲೆಕ್ಕ ಕೇಳಿದ್ದು. ಬಿಲ್ಲಿನಲ್ಲಿ ಫಿಲ್ಮಿನ ರೊಕ್ಕ ಇದೆ, ಸಿ.ಡಿ.ಯ ರೊಕ್ಕವೂ ಇದೆ. ಬೆಳೆಗೆ ಹೊಡೆಯೋ ಔಷಧಿ ಡಬ್ಬಿ ಮೇಲೆ ಕೂಡ ಲೀಟರಿಗೆ ಎಷ್ಟು ಅಂತ ಬರೆದಿರುತ್ತಾರೆ. ಮನುಷ್ಯನ ಮೇಲೆ ಬಿಡೋದಕ್ಕೆ ಯಾಕೆ ಬರೆಯಲ್ಲ?

ಆ ಅಂಕಿ ಎಲ್ಲಾದರೂ ಸಿಗುತ್ತದಾ? ಕೇಳೋ ಹಕ್ಕು ನಮಗೆ ಇದೆಯಾ? ಗೊತ್ತಿದ್ದವರು ಹೇಳಿ.

ಲಿಂಬಿ ತೋಟ, ಇಂಡಿ

ಅಣ್ಣಾರೇ, ಕೋವಿಡ್ ಟೈಮಲ್ಲಿ ದಿಲ್ಲಿ ಏಮ್ಸ್‌ನ ಡೈರೆಕ್ಟರೇ ಹೇಳಿದ್ದರಲ್ಲ, ಒಂದು ಸಿ.ಟಿ. ಅಂದರೆ 300-400 ಎಕ್ಸರೇಗೆ ಸಮ ಅಂತ. ಅವತ್ತಿನಿಂದ ನಮ್ಮ ಕಾಕಾ ಸ್ಕ್ಯಾನಿಂಗ್ ಅಂದರೆ ಎದ್ದು ಹೋಗುತ್ತಾರೆ. ಕೇಳದೇ ಇರೋದೇ ಒಳ್ಳೇದು ಅನಿಸುತ್ತದೆ.

ಕನ್ಸೋಲ್ ಹಿಂದಿನವ, ಬೆಳಗಾವಿ

ನಾನು ಸಿ.ಟಿ. ಟೆಕ್ನಿಷಿಯನ್. ಜಮಖಂಡಿ ಅಣ್ಣಾರೇ, ಅಂಕಿ ಇದೆ. ಪ್ರತಿ ಸಲವೂ ಇರುತ್ತದೆ. ಸ್ಕ್ಯಾನ್ ಮುಗಿದ ಕೂಡಲೇ ಯಂತ್ರ ತಾನಾಗಿಯೇ ಒಂದು ಪುಟ ತಯಾರು ಮಾಡುತ್ತದೆ. ನಾವು ಅದಕ್ಕೆ ಡೋಸ್ ರಿಪೋರ್ಟ್ ಅನ್ನುತ್ತೇವೆ. ಕೆಲವು ಯಂತ್ರಗಳಲ್ಲಿ ಪೇಷಂಟ್ ಪ್ರೋಟೋಕಾಲ್ ಅಂತ ಹೆಸರು. ಪ್ರಿಂಟ್ ಹಾಕಿ ಅಂತ ಯಾರೂ ಕೇಳಲ್ಲ, ಹಾಗಾಗಿ ನಾವೂ ಹಾಕಲ್ಲ.

ನಿಮ್ಮ ಸಿ.ಡಿ.ಯನ್ನು ಕಂಪ್ಯೂಟರಿಗೆ ಹಾಕಿ ನೋಡಿ. ಚಿತ್ರಗಳ ಪಟ್ಟಿಯ ಕೊನೆಯ ಕಡೆ, ಕಪ್ಪು ಹಿನ್ನೆಲೆ ಮೇಲೆ ಬರೀ ಅಕ್ಷರ, ಅಂಕಿ ಇರುವ ಒಂದು ಚಿತ್ರ ಇರಬಹುದು. ಅದೇ ಅದು. ಅದರಲ್ಲಿ ಸಿ.ಟಿ.ಡಿ.ಐ. ಅಂತ ಒಂದು ಕಾಲಂ. ಯಂತ್ರ ಎಷ್ಟು ಜೋರಾಗಿ ಬಿಟ್ಟಿತು ಅನ್ನೋದನ್ನು ಅದು ಮಿಲಿಗ್ರೇ (ಹೀರಿಕೊಂಡ ಕಿರಣದ ಅಳತೆ) ಲೆಕ್ಕದಲ್ಲಿ ಹೇಳುತ್ತದೆ. ಪಕ್ಕದಲ್ಲಿ ಡಿ.ಎಲ್.ಪಿ. ಇರುತ್ತದೆ. ಆ ಜೋರನ್ನು, ಎಷ್ಟು ಸೆಂಟಿಮೀಟರ್ ಉದ್ದ ಸ್ಕ್ಯಾನ್ ಆಯಿತೋ ಅದರಿಂದ ಗುಣಿಸಿದ್ದು. ನಿಮಗೆ ಬೇಕಾದ್ದು ಡಿ.ಎಲ್.ಪಿ. ದೊಡ್ಡವರಿಗಾದರೆ ಹೊಟ್ಟೆ ಸ್ಕ್ಯಾನಿಗೆ ಅದನ್ನು 0.015ರಿಂದ ಗುಣಿಸಿ. ಎದೆಗೆ 0.014, ತಲೆಗೆ 0.0021. ಬರುವ ಉತ್ತರ ಸುಮಾರಾಗಿ ಮಿಲಿಸೀವರ್ಟ್‌ನಲ್ಲಿ, ಅಂದರೆ ಇಡೀ ಮೈಗೆ ಎಷ್ಟು ಅಪಾಯ ಅಂತ ಹೋಲಿಸೋ ಅಳತೆಯಲ್ಲಿ ಇರುತ್ತದೆ. ಸುಮಾರು ಅನ್ನೋ ಮಾತನ್ನು ಮರೆಯಬೇಡಿ.

ಇನ್ನೊಂದು ವಿಷಯ ಹೇಳಲೇಬೇಕು. ನನ್ನ ಎದೆ ಮೇಲೆ, ಬಿದ್ದ ಕಿರಣ ಅಳೆಯೋ ಟಿ.ಎಲ್.ಡಿ. ಬ್ಯಾಡ್ಜ್ ಇದೆ. ಮೂರು ತಿಂಗಳಿಗೊಮ್ಮೆ ಅದನ್ನು ಅಳತೆಗೆ ಕಳಿಸುತ್ತಾರೆ. ನನಗೆ ಎಷ್ಟು ಬಿತ್ತು ಅನ್ನೋ ಲೆಕ್ಕ ನನ್ನ ಹೆಸರಿನಲ್ಲಿ ಮುಂಬೈಯ ಬಾರ್ಕ್ (ಭಾಭಾ ಅಣು ಸಂಶೋಧನಾ ಕೇಂದ್ರ) ದಾಖಲೆಯಲ್ಲಿ ಕೂತಿರುತ್ತದೆ. ನಾನು ಕೆಲಸ ಬಿಟ್ಟರೂ ಅದು ಅಲ್ಲಿರುತ್ತದೆ. ಗಾಜಿನ ಈಚೆ ಕೂರುವ ನನಗೆ ವರ್ಷಕ್ಕೆ ಬರೋದು ಒಂದು ಮಿಲಿಸೀವರ್ಟ್ ಕೂಡ ದಾಟಲ್ಲ. ಆಚೆ ಮಲಗಿದವರಿಗೆ ಕೆಲವೇ ಸೆಕೆಂಡಿನಲ್ಲಿ ಏಳೋ ಎಂಟೋ ಹತ್ತೋ ಬೀಳುತ್ತದೆ. ಅವರ ಲೆಕ್ಕ ಬರೆದಿಡೋ ಪುಸ್ತಕವೇ ಇಲ್ಲ.

ರಿಪೋರ್ಟ್ ಡಾಕ್ಟರ್, ವಿಜಯಪುರ

ರೇಡಿಯಾಲಜಿ ನನ್ನ ಕೆಲಸ. ಟೆಕ್ನಿಷಿಯನ್ ಹೇಳಿದ ಲೆಕ್ಕ ಸರಿ ಇದೆ. ಆದರೆ ಅಂಕಿ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನೋದನ್ನು ನಾನು ಒಪ್ಪಲ್ಲ.

ಬೈಕಿನಿಂದ ಬಿದ್ದು ವಾಂತಿ ಮಾಡುತ್ತಿದ್ದ ಹುಡುಗನನ್ನು ಕರೆತಂದವರು "ಸಿ.ಟಿ. ಬ್ಯಾಡ್ರಿ, ಕ್ಯಾನ್ಸರ್ ಬರತೈತಂತ" ಅಂತ ಕೂತರು. ತಲೆಯೊಳಗೆ ರಕ್ತ ಸೋರಿದ್ದರೆ ಗಂಟೆಗಳ ಲೆಕ್ಕ ಅದು. ಅವರನ್ನು ಒಪ್ಪಿಸೋದರಲ್ಲಿ ಹೊತ್ತು ಹೋಯಿತು. ಇಂಥವರ ಕೈಗೆ ಬರೀ ಒಂದು ಅಂಕಿ ಕೊಟ್ಟರೆ ಹೆದರಿಕೆ ಜಾಸ್ತಿಯೇ ಆಗುತ್ತದೆ.

ಇಂಡಿಯವರ 300-400ಕ್ಕೆ ಬರುತ್ತೇನೆ. ಅದು 2021ರ ಮೇ ತಿಂಗಳ ಮಾತು. ಸ್ವಲ್ಪ ಕೆಮ್ಮಿದವರೂ ಎಚ್.ಆರ್.ಸಿ.ಟಿ. (ಶ್ವಾಸಕೋಶದ ಸೂಕ್ಷ್ಮ ಸಿ.ಟಿ.) ಮಾಡಿಸಿ ಸ್ಕೋರ್ ಎಷ್ಟು ಅಂತ ಕೇಳುತ್ತಿದ್ದ ಕಾಲ. ಅದನ್ನು ತಡೆಯೋಕೆ ಆಗಿನ ಏಮ್ಸ್ ಡೈರೆಕ್ಟರ್ ಡಾ. ರಣದೀಪ್ ಗುಲೇರಿಯಾ ಹಾಗೆ ಹೇಳಿದರು. ದೇಶದ ರೇಡಿಯಾಲಜಿಸ್ಟ್‌ಗಳ ಸಂಘ ಕೂಡಲೇ ಎದ್ದು, ಇದು ಹಳೇ ಕಾಲದ ಲೆಕ್ಕ, ಈಗಿನ ಲೋ ಡೋಸ್ ಯಂತ್ರಗಳಲ್ಲಿ ಐದು-ಹತ್ತು ಎಕ್ಸರೇಗೆ ಸಮ ಅಷ್ಟೇ ಅಂದಿತು. ಜನ ಯಾರನ್ನು ನಂಬಬೇಕು?

ವಿಚಿತ್ರ ಏನೆಂದರೆ ಎರಡನ್ನೂ ಲೆಕ್ಕ ಹಾಕಿ ತೋರಿಸಬಹುದು. ಮಾಮೂಲಿ ಎದೆ ಸಿ.ಟಿ. ಸುಮಾರು 7 ಮಿಲಿಸೀವರ್ಟ್. ಒಳ್ಳೆ ಡಿಜಿಟಲ್ ಯಂತ್ರದಲ್ಲಿ ಎದೆಯ ಒಂದು ಎಕ್ಸರೇ 0.02. ಭಾಗಿಸಿದರೆ 350. ಲೋ ಡೋಸ್ ಸಿ.ಟಿ. ತೆಗೆದುಕೊಂಡರೆ 1ರ ಆಸುಪಾಸು. ಎಕ್ಸರೇಯನ್ನು ಮುಂದಿನಿಂದ, ಪಕ್ಕದಿಂದ ಎರಡು ತೆಗೆದು 0.1 ಅಂತ ಹಿಡಿದರೆ ಉತ್ತರ 10. ಯಾವ ಯಂತ್ರ, ಯಾವ ಸೆಟ್ಟಿಂಗ್ ಅನ್ನೋದನ್ನು ಬಿಟ್ಟು ಬರೀ ಗುಣಕ ಹೇಳಿದ್ದಕ್ಕೆ ಇಷ್ಟು ಗಲಾಟೆ ಆಯಿತು.

ಕಬ್ಬಿನ ಹೊಲ, ಜಮಖಂಡಿ

ಡಾಕ್ಟ್ರೇ, ನೀವು ಈಗ ಹೇಳಿದ್ದು ನನ್ನ ಪರವಾಗಿಯೇ ಇದೆ ಅಲ್ವಾ? ಅವತ್ತು ಒಬ್ಬೊಬ್ಬರ ರಿಪೋರ್ಟಿನಲ್ಲೂ ಅವರವರ ಅಂಕಿ ಇದ್ದಿದ್ದರೆ ಟಿ.ವಿ. ನೋಡಿ ಹೆದರೋ ಪ್ರಸಂಗವೇ ಬರುತ್ತಿರಲಿಲ್ಲ. ಅಂಕಿ ಸಿಗದೆ ಇದ್ದಾಗಲೇ ವಾಟ್ಸಾಪ್ ಅಂಕಿ ನಡೆಯೋದು.

ನಿವೃತ್ತ ಫಿಸಿಕ್ಸ್ ಮಾಸ್ತರ, ಬಾಗಲಕೋಟೆ

ಅಂಕಿಗೆ ಅಳತೆಗೋಲು ಬೇಕು. ಇಲ್ಲದಿದ್ದರೆ 7 ಅಂದರೂ ಒಂದೇ, 700 ಅಂದರೂ ಒಂದೇ.

ಭೂಮಿ ಮೇಲೆ ಸುಮ್ನೆ ಬದುಕಿದ್ದಕ್ಕೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬೀಳುತ್ತದೆ. ಆಕಾಶದಿಂದ ಸ್ವಲ್ಪ, ಮಣ್ಣು ಕಲ್ಲಿನಿಂದ ಸ್ವಲ್ಪ, ಉಸಿರಾಡುವ ರೇಡಾನ್ ಅನಿಲದಿಂದ ಹೆಚ್ಚಿನ ಪಾಲು. ನಮ್ಮ ಇಳಕಲ್ಲಿನ ಕೆಂಪು ಗ್ರಾನೈಟ್ ದೇಶವಿಡೀ ಹೋಗುತ್ತದಲ್ಲ, ಗ್ರಾನೈಟ್ ಜಾತಿಯ ಕಲ್ಲಲ್ಲಿ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಚೂರುಪಾರು ಇದ್ದೇ ಇರುತ್ತದೆ. ಹಾಗಂತ ಯಾರೂ ಕಟ್ಟೆ ಕಿತ್ತು ಹಾಕಬೇಕಿಲ್ಲ.

ಈ ಅಳತೆಯಲ್ಲಿ ಎದೆಯ ಎಕ್ಸರೇ ಅಂದರೆ ಮೂರು ದಿನದ ಬದುಕು. ಹಲ್ಲಿನ ಸಣ್ಣ ಎಕ್ಸರೇ ಒಂದು ದಿನದ್ದು. ಸೊಂಟದ ಎಕ್ಸರೇ ಸುಮಾರು 1.5, ಅಂದರೆ ಏಳೆಂಟು ತಿಂಗಳು. ತಲೆ ಸಿ.ಟಿ. 2, ವರ್ಷಕ್ಕೆ ಸ್ವಲ್ಪ ಕಡಿಮೆ. ಹೊಟ್ಟೆ ಸಿ.ಟಿ. 8ರಿಂದ 10, ನಾಲ್ಕು ವರ್ಷ ಅಂತ ಹಿಡಿಯಿರಿ. ಕ್ಯಾನ್ಸರ್ ಹುಡುಕೋಕೆ ಮಾಡುವ ಪೆಟ್ ಸಿ.ಟಿ. 20ರ ಮೇಲೆ. ಎಂ.ಆರ್.ಐ.ಯಲ್ಲಿ, ಸೋನೋಗ್ರಫಿಯಲ್ಲಿ ಈ ಜಾತಿಯ ಕಿರಣವೇ ಇಲ್ಲ, ಸೊನ್ನೆ. ಎಂ.ಆರ್.ಐ.ಗೆ ಹೆದರಿ ಸಿ.ಟಿ. ಮಾಡಿಸಿಕೊಂಡವರನ್ನು ನಾನು ನೋಡಿದ್ದೇನೆ. ಆ ಯಂತ್ರದ ಸದ್ದು ಹಾಗೆ ಮಾಡುತ್ತದೆ.

ಕೇರಳದ ಕೊಲ್ಲಂ ಹತ್ತಿರ ಕರುನಾಗಪ್ಪಳ್ಳಿ ಕಡಲ ದಂಡೆಯ ಮರಳಲ್ಲಿ ಥೋರಿಯಂ ಜಾಸ್ತಿ. ಕೆಲವು ಜಾಗದಲ್ಲಿ ವರ್ಷಕ್ಕೆ 70 ಮಿಲಿಗ್ರೇವರೆಗೂ ಅಳೆದಿದ್ದಾರೆ. ಅಲ್ಲಿಯ ಸುಮಾರು 70,000 ಜನರನ್ನು ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಗಮನಿಸಿ 2009ರಲ್ಲಿ ವರದಿ ಕೊಟ್ಟರು. ಅದರಿಂದ ಕ್ಯಾನ್ಸರ್ ಹೆಚ್ಚಾಗಿದ್ದು ಕಾಣಲಿಲ್ಲ.

ರಿಪೋರ್ಟ್ ಡಾಕ್ಟರ್, ವಿಜಯಪುರ

ಮಾಸ್ತರ್ರೇ, ಇದನ್ನೇ ನಾನೂ ಹೇಳಬೇಕೆಂದಿದ್ದೆ. ಧನ್ಯವಾದ.

ಎರಡು ಮಕ್ಕಳ ತಾಯಿ, ಮುದ್ದೇಬಿಹಾಳ

ಒಂದು ನಿಮಿಷ ಸರ್. ಹಾಗಾದರೆ ಏನೂ ಇಲ್ಲ ಅಂತಲೇ ಅರ್ಥವಾ? ಮಕ್ಕಳ ಡಾಕ್ಟರ್ ನಮಗೆ ಸಿ.ಟಿ. ಬೇಡ, ಮೊದಲು ಸೋನೋಗ್ರಫಿ ಮಾಡೋಣ ಅಂದರು. ಏನೂ ಆಗದಿದ್ದರೆ ಅವರು ಯಾಕೆ ಹಾಗೆ ಅಂದರು?

ನಿವೃತ್ತ ಫಿಸಿಕ್ಸ್ ಮಾಸ್ತರ, ಬಾಗಲಕೋಟೆ

ಅಕ್ಕಾರೇ, ನಿಮ್ಮ ಡಾಕ್ಟರ್ ಸರಿಯಾಗಿ ಹೇಳಿದ್ದಾರೆ. ಕೇರಳದವರಿಗೆ ಬಿದ್ದಿದ್ದು ವರ್ಷಾನುಗಟ್ಟಲೆ ನಿಧಾನವಾಗಿ. ಸಿ.ಟಿ.ಯಲ್ಲಿ ಬೀಳೋದು ಒಂದೇ ಏಟಿಗೆ. ಅದೂ ಅಲ್ಲದೆ ಮಕ್ಕಳ ಲೆಕ್ಕವೇ ಬೇರೆ. ಅವರ ಜೀವಕೋಶಗಳು ಬೇಗ ಬೇಗ ಒಡೆದು ಬೆಳೆಯುತ್ತಿರುತ್ತವೆ, ಮುಂದೆ ಬದುಕಬೇಕಾದ ವರ್ಷಗಳೂ ಜಾಸ್ತಿ.

ಯುರೋಪಿನ ಒಂಬತ್ತು ದೇಶಗಳಲ್ಲಿ ಚಿಕ್ಕ ವಯಸ್ಸಿನಲ್ಲಿ ಸಿ.ಟಿ. ಮಾಡಿಸಿಕೊಂಡ ಸುಮಾರು ಹತ್ತು ಲಕ್ಷ ಜನರ ಅಧ್ಯಯನ 2023ರಲ್ಲಿ ಬಂತು. ಇವತ್ತಿನ ಒಂದು ಮಾಮೂಲಿ ಸ್ಕ್ಯಾನ್ ಮಾಡಿಸಿಕೊಂಡ 10,000 ಮಕ್ಕಳಲ್ಲಿ ಒಬ್ಬರಿಗೋ ಇಬ್ಬರಿಗೋ ಮುಂದಿನ ಹನ್ನೆರಡು ವರ್ಷದೊಳಗೆ ಇದರಿಂದ ರಕ್ತದ ಕ್ಯಾನ್ಸರ್ ಬರಬಹುದು ಅಂತ ಅವರ ಲೆಕ್ಕ. ಬೇಕೇಬೇಕಾದಾಗ ಇದು ತುಂಬಾ ಸಣ್ಣ ಅಪಾಯ. ಬೇಡವಾದಾಗ ಯಾಕೆ ತಗೋಬೇಕು?

ದೊಡ್ಡವರಿಗೂ ಒಂದು ಅಂದಾಜು ಇದೆ. 10 ಮಿಲಿಸೀವರ್ಟ್ ಬಿದ್ದ 2,000 ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಪ್ರಾಣ ತೆಗೆಯುವಂಥ ಕ್ಯಾನ್ಸರ್ ಹೆಚ್ಚುವರಿಯಾಗಿ ಬರಬಹುದು ಅಂತ. ಇದು ಎಣಿಸಿದ ಲೆಕ್ಕವಲ್ಲ. ದೊಡ್ಡ ಡೋಸ್ ಬಿದ್ದವರಲ್ಲಿ ಕಂಡದ್ದನ್ನು ಸಣ್ಣ ಡೋಸಿಗೆ ಇಳಿಸಿ ಹಾಕಿದ ಅಂದಾಜು. ಇನ್ನೊಂದು ಕಡೆ, ಯಾವ ಸ್ಕ್ಯಾನೂ ಮಾಡಿಸದಿದ್ದರೂ ಭಾರತದಲ್ಲಿ ಒಂಬತ್ತು ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಯಾವುದಾದರೂ ಕ್ಯಾನ್ಸರ್ ಬರುವ ಸಾಧ್ಯತೆ ಇದೆ ಅಂತ ನಮ್ಮ ಕ್ಯಾನ್ಸರ್ ನೋಂದಣಿಯೇ ಹೇಳುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಕಬ್ಬಿನ ಹೊಲ, ಜಮಖಂಡಿ

ಟೆಕ್ನಿಷಿಯನ್ ಸಾಹೇಬ್ರೇ, ಸಿ.ಡಿ. ಹಾಕಿ ನೋಡಿದೆ. ಕಪ್ಪು ಪುಟ ಸಿಕ್ಕಿತು! ಬಾಗಲಕೋಟೆಯದರಲ್ಲಿ ಒಟ್ಟು ಡಿ.ಎಲ್.ಪಿ. 1480 ಅಂತ ಇದೆ. ಬೆಳಗಾವಿಯದರಲ್ಲಿ 260. ಗುಣಿಸಿದರೆ ಒಂದು 22, ಇನ್ನೊಂದು 4. ಅದೇ ಹುಡುಗ, ಅದೇ ಹರಳು. ಇಷ್ಟು ಫರಕು ಹೇಗೆ? ಯಾವುದೋ ಯಂತ್ರ ಕೆಟ್ಟಿದೆಯಾ?

ಕನ್ಸೋಲ್ ಹಿಂದಿನವ, ಬೆಳಗಾವಿ

ಯಂತ್ರ ಕೆಟ್ಟಿಲ್ಲ. ಆ 1480ರ ಮೇಲೆ ಎಷ್ಟು ಸಾಲು ಇವೆ ನೋಡಿ. ಮೂರು ಇದ್ದರೆ ಮೂರು ಸಲ ಸ್ಕ್ಯಾನ್ ಆಗಿದೆ ಅಂತ. ಮೊದಲು ಇಂಜೆಕ್ಷನ್ ಇಲ್ಲದೆ ಪ್ಲೇನ್, ಆಮೇಲೆ ಚಿತ್ರ ಎದ್ದು ಕಾಣೋಕೆ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟು ಒಂದು, ಸ್ವಲ್ಪ ಹೊತ್ತು ಬಿಟ್ಟು ಡಿಲೇಡ್ ಅಂತ ಇನ್ನೊಂದು. ಬೆಳಗಾವಿಯಲ್ಲಿ ಪ್ಲೇನ್ ಮಾತ್ರ, ಅದೂ ಲೋ ಡೋಸ್ ಸೆಟ್ಟಿಂಗ್‌ನಲ್ಲಿ ಮಾಡಿದ್ದಾರೆ.

ಹರಳು ಹುಡುಕೋಕೆ ಪ್ಲೇನ್ ಸಾಕು. ಹರಳು ಬೆಳ್ಳಗೆ ಹೊಳೆಯುತ್ತದೆ, ಚಿತ್ರ ಸ್ವಲ್ಪ ಮಸುಕಾದರೂ ಕಾಣುತ್ತದೆ. ಅದಕ್ಕೇ ಸ್ಟೋನಿಗೆ ಲೋ ಡೋಸ್ ಒಗ್ಗುತ್ತದೆ. ಆದರೆ ಡಾಕ್ಟರ್ ಚೀಟಿಯಲ್ಲಿ ಬರೀ "ಸಿ.ಟಿ. ಹೊಟ್ಟೆ" ಅಂತ ಬರೆದು ಕಳಿಸಿದರೆ ನಾವು ಪೂರ್ತಿ ಮಾಡುತ್ತೇವೆ. "ಕೆ.ಯು.ಬಿ. ಪ್ಲೇನ್, ಸ್ಟೋನ್ ಅನುಮಾನ" ಅಂತ ಬರೆದರೆ (ಕೆ.ಯು.ಬಿ. ಅಂದರೆ ಕಿಡ್ನಿ, ಮೂತ್ರನಾಳ, ಮೂತ್ರಕೋಶ) ಬೇರೆ ಸೆಟ್ಟಿಂಗ್ ಹಾಕುತ್ತೇವೆ. ಚೀಟಿಯ ಒಂದು ಸಾಲಿನಿಂದ ಡೋಸ್ ಐದು ಪಟ್ಟು ಹೆಚ್ಚುಕಡಿಮೆ ಆಗುತ್ತದೆ. ನಮ್ಮ ಲೈನಿನಲ್ಲಿ ಇದು ಎಲ್ಲರಿಗೂ ಗೊತ್ತು. ಹೊರಗಡೆ ಯಾರಿಗೂ ಗೊತ್ತಿಲ್ಲ.

ಒಂದು ಎಚ್ಚರಿಕೆ. ಮೂರು ಸಲ ಮಾಡಿದ್ದಕ್ಕೆ ಕಾರಣ ಇದ್ದಿರಲೂಬಹುದು. ಕಿಡ್ನಿ ಊದಿತ್ತಾ, ಗಡ್ಡೆ ಅನುಮಾನ ಇತ್ತಾ, ಆ ಡಾಕ್ಟರನ್ನೇ ಕೇಳಿ. ಜಗಳಕ್ಕೆ ಹೋಗಬೇಡಿ.

ರಿಪೋರ್ಟ್ ಡಾಕ್ಟರ್, ವಿಜಯಪುರ

ಟೆಕ್ನಿಷಿಯನ್ ಹೇಳಿದ್ದಕ್ಕೆ ನನ್ನದೂ ಒಂದು ಮಾತು. ಹರಳು ಒಮ್ಮೆ ಗೊತ್ತಾದ ಮೇಲೆ ಅದು ಕೆಳಗೆ ಇಳಿಯಿತಾ, ಹೋಯಿತಾ ಅಂತ ನೋಡೋಕೆ ಬಹಳ ಸಲ ಸೋನೋಗ್ರಫಿ ಮತ್ತು ಒಂದು ಮಾಮೂಲಿ ಎಕ್ಸರೇ ಸಾಕಾಗುತ್ತದೆ. ಮೂವತ್ತರೊಳಗಿನ ಹುಡುಗ, ಮತ್ತೆ ಮತ್ತೆ ಹರಳು ಆಗುವ ಮೈ. ಇಂಥವರಿಗೇ ಲೆಕ್ಕ ಬೇಕಾಗಿರೋದು ಅನ್ನೋದನ್ನು ಒಪ್ಪುತ್ತೇನೆ.

ಆದರೆ ಒಟ್ಟು ಕೂಡಿಸಿಟ್ಟು "ನನಗೆ ಆಗಲೇ 50 ಆಗಿದೆ, ಇನ್ನು ಬೇಡ" ಅನ್ನೋದು ತಪ್ಪು ದಾರಿ. 2021ರಲ್ಲಿ ಅಮೆರಿಕದ ರೇಡಿಯಾಲಜಿ ಮತ್ತು ವೈದ್ಯಕೀಯ ಫಿಸಿಕ್ಸ್ ಸಂಘಗಳು ಸೇರಿ ಇದನ್ನೇ ಹೇಳಿದವು. ಹಿಂದೆ ಎಷ್ಟು ಬಿತ್ತು ಅನ್ನೋದರ ಮೇಲೆ ಮುಂದಿನ ಸ್ಕ್ಯಾನ್ ಬೇಕೋ ಬೇಡವೋ ಅಂತ ತೀರ್ಮಾನಿಸಬಾರದು, ಇವತ್ತಿನ ಕಾಯಿಲೆ ನೋಡಿ ತೀರ್ಮಾನಿಸಬೇಕು ಅಂತ. ಪೇಷಂಟಿಗೆ ಗರಿಷ್ಠ ಮಿತಿ ಅಂತ ಕಾನೂನಿನಲ್ಲೂ ಇಲ್ಲ. ರೇಡಿಯೇಷನ್ ಕೆಲಸಗಾರರಿಗೆ ಐದು ವರ್ಷದ ಸರಾಸರಿ ವರ್ಷಕ್ಕೆ 20, ಯಾವ ಒಂದು ವರ್ಷದಲ್ಲೂ 30 ದಾಟಬಾರದು ಅಂತ ನಮ್ಮ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎ.ಇ.ಆರ್.ಬಿ., ಮಿತಿ ಹಾಕಿದೆ. ಸಾರ್ವಜನಿಕರಿಗೆ ವರ್ಷಕ್ಕೆ 1. ರೋಗಿಗೆ ಮಿತಿ ಇಟ್ಟರೆ ಅವನಿಗೇ ಅನ್ಯಾಯ. ಜೀವ ಉಳಿಸೋ ಸ್ಕ್ಯಾನನ್ನು ಕೋಟಾ ಮುಗಿಯಿತು ಅಂತ ನಿಲ್ಲಿಸೋಕೆ ಆಗುತ್ತದಾ?

ಕಬ್ಬಿನ ಹೊಲ, ಜಮಖಂಡಿ

ಕೋಟಾ ಯಾರು ಕೇಳಿದರು ಡಾಕ್ಟ್ರೇ. ಮಿತಿ ಬೇಡ ಅನ್ನೋದಕ್ಕೂ ಬರೆಯೋದೇ ಬೇಡ ಅನ್ನೋದಕ್ಕೂ ಬಹಳ ದೂರ ಇದೆ. 1480, 260 ಎರಡೂ ನನ್ನ ಕೈಯಲ್ಲಿ ಇರೋದರಿಂದ ಮುಂದಿನ ಸಲ "ಪ್ಲೇನ್ ಸಾಕಾಗುತ್ತಾ ನೋಡ್ರಿ" ಅಂತ ಕೇಳೋಕಾದರೂ ಬಾಯಿ ಬರುತ್ತದೆ.

ಕರದಂಟು, ಗೋಕಾಕ

ಸಿ.ಟಿ. ಮಾತೇ ಆಯಿತು. ನಮ್ಮ ಅಪ್ಪಾಜಿಗೆ ಆಂಜಿಯೋಪ್ಲಾಸ್ಟಿ ಆಯಿತು. ಎರಡು ಬ್ಲಾಕ್, ತುಂಬಾ ಹೊತ್ತು ಹಿಡಿಯಿತು. ಜೀವ ಉಳಿಯಿತು, ಆ ಡಾಕ್ಟರಿಗೆ ಕೈ ಮುಗಿಯುತ್ತೇವೆ. ಕೆಲವು ವಾರ ಆದ ಮೇಲೆ ಬೆನ್ನ ಮೇಲೆ, ಬಲ ಭುಜದ ಕೆಳಗೆ, ಅಳತೆ ಹಿಡಿದು ಕೊಯ್ದ ಹಾಗೆ ಚೌಕನೆಯ ಕೆಂಪು ಕಲೆ ಎದ್ದಿತು. ಊರಲ್ಲಿ ಗಜಕರ್ಣ ಅಂತ ಮುಲಾಮು ಕೊಟ್ಟರು. ಹೋಗಲಿಲ್ಲ. ಇದಕ್ಕೂ ಎಕ್ಸರೇಗೂ ಸಂಬಂಧ ಇರಬಹುದಾ?

ರಿಪೋರ್ಟ್ ಡಾಕ್ಟರ್, ವಿಜಯಪುರ

ಅಕ್ಕಾರೇ, ಇರಬಹುದು. ಇದನ್ನು ನಾನು ಹಗುರವಾಗಿ ತಗೊಳ್ಳಲ್ಲ. ನೋಡದೆ ಖಚಿತವಾಗಿ ಹೇಳೋಕೆ ಬರಲ್ಲ, ಆದರೆ ಚೌಕಾಕಾರ, ಜಾಗ, ವಾರಗಳ ಅಂತರ ಮೂರೂ ಹೊಂದುತ್ತವೆ.

ಇಲ್ಲಿ ಕ್ಯಾನ್ಸರಿನ ಅಂದಾಜು ಲೆಕ್ಕ ಅಲ್ಲ, ಚರ್ಮಕ್ಕೆ ನೇರವಾಗಿ ಆಗುವ ಪೆಟ್ಟು. ಆಂಜಿಯೋಪ್ಲಾಸ್ಟಿಯನ್ನು ಎಕ್ಸರೇಯಲ್ಲಿ ನೋಡುತ್ತಲೇ ಮಾಡುತ್ತಾರೆ, ಆ ಎಕ್ಸರೇ ಟ್ಯೂಬ್ ಒಂದೇ ಕೋನದಲ್ಲಿ ಬಹಳ ಹೊತ್ತು ನಿಂತರೆ ಬೆನ್ನಿನ ಒಂದೇ ಜಾಗಕ್ಕೆ ಎಲ್ಲವೂ ಬೀಳುತ್ತದೆ. ಚರ್ಮಕ್ಕೆ 2 ಗ್ರೇ, ಅಂದರೆ 2,000 ಮಿಲಿಗ್ರೇ ದಾಟಿದರೆ ಕೆಂಪಾಗೋ ಸಾಧ್ಯತೆ ಶುರು. 5 ದಾಟಿದರೆ ರೋಗಿಗೆ ತಿಳಿಸಿ, ಬೆನ್ನು ನೋಡಿಕೊಳ್ಳಿ ಅಂತ ಹೇಳಿ ಕಳಿಸಬೇಕು ಅನ್ನೋದು ಒಪ್ಪಿತ ಪದ್ಧತಿ. ಹೆಚ್ಚಿನವರಿಗೆ ಅಷ್ಟು ಬೀಳಲ್ಲ. ಬಿದ್ದ ಕೆಲವರಿಗೆ ಹೇಳದೇ ಇದ್ದಾಗ ಹೀಗೆ ಗಜಕರ್ಣದ ಮುಲಾಮು ಹಚ್ಚುತ್ತಾ ಕೂರುತ್ತಾರೆ. ಇನ್ನೂ ಕೆಟ್ಟದ್ದು ಅಂದರೆ ತುಂಡು ಕೊಯ್ದು ಪರೀಕ್ಷೆಗೆ ಕಳಿಸೋದು. ಅಂಥ ಚರ್ಮದಲ್ಲಿ ಕೊಯ್ದ ಗಾಯ ಮಾಯೋದು ಕಷ್ಟ.

ಡಿಸ್ಚಾರ್ಜ್ ಕಾಗದ ತೆಗೆದುಕೊಂಡು ಆಂಜಿಯೋಪ್ಲಾಸ್ಟಿ ಮಾಡಿದ ಡಾಕ್ಟರ್ ಹತ್ತಿರವೇ ಹೋಗಿ. ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾಥ್ ಲ್ಯಾಬ್ ಯಂತ್ರದಲ್ಲೂ ಏರ್ ಕರ್ಮಾ ಅಂತ, ಚರ್ಮಕ್ಕೆ ಎಷ್ಟು ಬಿದ್ದಿರಬಹುದು ಅನ್ನೋದನ್ನು ಅಂದಾಜಿಸೋ ಅಂಕಿ ದಾಖಲಾಗಿರುತ್ತದೆ. ಅದನ್ನು ಕೇಳಿ ಬರೆಸಿಕೊಂಡು ಚರ್ಮದ ಡಾಕ್ಟರಿಗೆ ತೋರಿಸಿ. ತಡ ಮಾಡಬೇಡಿ.

ಲಿಂಬಿ ತೋಟ, ಇಂಡಿ

ಡಾಕ್ಟ್ರೇ, ಮೊದಲು ಅಂಕಿ ಕೊಟ್ಟರೆ ಹೆದರುತ್ತಾರೆ ಅಂದಿರಿ. ಈಗ ಅಂಕಿ ಕೇಳಿ ಬರೆಸಿಕೊಳ್ಳಿ ಅಂತೀರಿ. 🙂

ರಿಪೋರ್ಟ್ ಡಾಕ್ಟರ್, ವಿಜಯಪುರ

ಮೊದಲಿನ ಮಾತು ಈಗಲೂ ಅದೇ. ಬರೀ ಅಂಕಿ ಕೊಟ್ಟು ಕೈ ತೊಳೆದುಕೊಳ್ಳಬಾರದು ಅಂದಿದ್ದು. ಕೊಡಲೇಬಾರದು ಅನ್ನಲಿಲ್ಲ.

ಸಿಸ್ಟರ್, ಚಿಕ್ಕೋಡಿ

ಎಲ್ಲಾ ಸರಿ. ಆದರೆ ಯಾರು ಹೇಳಬೇಕು, ಯಾವಾಗ? ಸ್ಕ್ಯಾನ್ ರೂಮಿನ ಮುಂದೆ ಹತ್ತಾರು ಜನ ಕೂತಿರುತ್ತಾರೆ. ಕನ್ಸೆಂಟ್ ಫಾರಂ ಇಂಗ್ಲಿಷಿನಲ್ಲಿ ಇರುತ್ತದೆ. ಅದರಲ್ಲೂ ಕಾಂಟ್ರಾಸ್ಟ್ ಅಲರ್ಜಿ, ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ) ಮಾತ್ರ. ಹೆಬ್ಬೆಟ್ಟು ಒತ್ತಿಸಿ ಒಳಗೆ ಕಳಿಸುತ್ತೇವೆ. ಗಡಿ ಊರುಗಳಿಂದ ಬಂದ ಅಜ್ಜಿಯರಿಗೆ ಕನ್ನಡವೂ ಓದೋಕೆ ಬರಲ್ಲ, ಮರಾಠಿಯೂ ಬರಲ್ಲ.

ನಾನು ಬಾಯಲ್ಲಿ ಹೇಳೋದು ಇಷ್ಟು. "ಯಾವ್ವಾ, ಇದ್ರಾಗ ಎಕ್ಸರೇಕ್ಕಿಂತ ಜಾಸ್ತಿ ಕಿರಣ ಬರತಾವು. ರೋಗ ಹಿಡಿಯಾಕ ಬೇಕೇ ಬೇಕಂತ ಡಾಕ್ಟರ್ ಬರದಾರ. ಹಿಂದ ಎಲ್ಲರೆ ಮಾಡಿಸಿದ್ದರ ಆ ಕಾಗದ ಕೊಡ್ರಿ." ಕೊನೆಯ ಮಾತಿಗೆ ಎಷ್ಟೋ ಸಲ ಚೀಲದಿಂದ ಹೋದ ವಾರದ್ದೇ ಸ್ಕ್ಯಾನ್ ಹೊರಬರುತ್ತದೆ! ಮಿರಜಿನಲ್ಲಿ ಮಾಡಿಸಿದ್ದು, ಇಲ್ಲಿ ಕೇಳಿದವರೇ ಇಲ್ಲ. ಅದನ್ನು ನೋಡಿ ಡಾಕ್ಟರ್ ಹೊಸದು ಬೇಡ ಅಂದಿದ್ದೂ ಇದೆ. ಮಿಲಿಸೀವರ್ಟ್ ವಿವರಿಸೋದಕ್ಕಿಂತ ಈ ಒಂದು ಪ್ರಶ್ನೆಯಿಂದ ಉಳಿದಿದ್ದು ಜಾಸ್ತಿ ಅಂತ ನನ್ನ ಅಭಿಪ್ರಾಯ.

ಹೊಸ ಸೊಸೆ, ಇಳಕಲ್

ಸಿಸ್ಟರ್, ಒಂದು ಕೇಳಲಾ? ಮುಟ್ಟು ತಡವಾಗಿದ್ದು ಗೊತ್ತಿಲ್ಲದೆ ಎದೆ ಎಕ್ಸರೇ ತೆಗೆಸಿಕೊಂಡೆ. ಈಗ ಎರಡನೇ ತಿಂಗಳು ಅಂತ ಗೊತ್ತಾಗಿದೆ. ಅತ್ತೆಯವರು ತೆಗೆಸಿಬಿಡೋದೇ ಒಳ್ಳೇದು ಅಂತಿದ್ದಾರೆ. ರಾತ್ರಿ ನಿದ್ದೆ ಇಲ್ಲ.

ರಿಪೋರ್ಟ್ ಡಾಕ್ಟರ್, ವಿಜಯಪುರ

ತಂಗಿ, ತೆಗೆಸಬೇಡಿ. ಎದೆ ಎಕ್ಸರೇಯಲ್ಲಿ ಕಿರಣ ಎದೆಗೆ ಬೀಳುತ್ತದೆ, ಗರ್ಭಕ್ಕೆ ತಲುಪೋದು 0.01 ಮಿಲಿಗ್ರೇಗಿಂತ ಕಡಿಮೆ. 100 ಮಿಲಿಗ್ರೇಗಿಂತ ಕೆಳಗೆ ರೇಡಿಯೇಷನ್ ಕಾರಣಕ್ಕೆ ಗರ್ಭ ತೆಗೆಸೋದು ಸರಿಯಲ್ಲ ಅಂತ ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗವೇ ಸ್ಪಷ್ಟವಾಗಿ ಹೇಳಿದೆ. ನಿಮ್ಮದು ಅದರ ಹತ್ತು ಸಾವಿರದಲ್ಲಿ ಒಂದು ಪಾಲೂ ಅಲ್ಲ. ಅತ್ತೆಯವರನ್ನೂ ಕರೆದುಕೊಂಡು ಹೆರಿಗೆ ಡಾಕ್ಟರ್ ಹತ್ತಿರ ಹೋಗಿ, ಅವರ ಬಾಯಿಂದಲೇ ಹೇಳಿಸಿ.

ಸಿಸ್ಟರ್, ಚಿಕ್ಕೋಡಿ

ಡಾಕ್ಟರ್ ಹೇಳಿದ್ದೇ ಸರಿ ತಂಗಿ, ಧೈರ್ಯವಾಗಿರಿ. ಎಕ್ಸರೇ ರೂಮಿನ ಬಾಗಿಲಿಗೆ "ಗರ್ಭಿಣಿಯಾಗಿದ್ದರೆ ತಿಳಿಸಿ" ಅಂತ ಬೋರ್ಡ್ ಇರಬೇಕು, ಇರುತ್ತದೆ ಕೂಡ. ಬಾಯಿಬಿಟ್ಟು ಕೇಳುವವರು ಕಡಿಮೆ.

ವಕೀಲ, ಖಾನಾಪುರ

ಹಕ್ಕಿನ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಹೊರದೇಶದ ಕಥೆ ಮೊದಲು. 2008-09ರಲ್ಲಿ ಲಾಸ್ ಏಂಜಲಿಸ್‌ನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಪಾರ್ಶ್ವವಾಯು ರೋಗಿಗಳ ತಲೆ ಸ್ಕ್ಯಾನಿನಲ್ಲಿ ಡೋಸ್ ಸುಮಾರು ಎಂಟು ಪಟ್ಟು ಹೆಚ್ಚಾಗಿತ್ತು. ಒಂದೂವರೆ ವರ್ಷ ಯಾರಿಗೂ ಗೊತ್ತಾಗಲಿಲ್ಲ, 200ಕ್ಕೂ ಹೆಚ್ಚು ಜನರಿಗೆ ಹಾಗೆ ಬಿದ್ದಿತ್ತು. ಗೊತ್ತಾಗಿದ್ದು ಒಬ್ಬ ರೋಗಿ ಕೂದಲು ಉದುರುತ್ತಿದೆ ಅಂತ ಹೇಳಿದಾಗ. ಅಂಕಿ ಪರದೆ ಮೇಲೆ ಪ್ರತಿ ಸಲವೂ ಬರುತ್ತಿತ್ತು. ಆಮೇಲೆ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು. 2012ರ ಜುಲೈಯಿಂದ ಪ್ರತಿ ಸಿ.ಟಿ. ರಿಪೋರ್ಟಿನಲ್ಲಿ ಡೋಸ್ ಬರೆಯಲೇಬೇಕು. ಯುರೋಪ್ ಒಕ್ಕೂಟದ 2013ರ ನಿರ್ದೇಶನದಲ್ಲೂ ಡೋಸಿನ ಮಾಹಿತಿ ರಿಪೋರ್ಟಿನ ಭಾಗ ಆಗಿರಬೇಕು, ಮೊದಲೇ ಲಾಭ-ಅಪಾಯ ಎರಡನ್ನೂ ರೋಗಿಗೆ ತಿಳಿಸಬೇಕು ಅಂತ ಇದೆ.

ನಮ್ಮಲ್ಲಿ ರಿಪೋರ್ಟಿನಲ್ಲಿ ಬರೆಯುವ ರೂಢಿ ಬೆಳೆದಿಲ್ಲ. ಆದರೆ ದಾಖಲೆ ಕೇಳುವ ದಾರಿ ಗಟ್ಟಿಯಾಗಿದೆ. ವೈದ್ಯಕೀಯ ಪರಿಷತ್ತಿನ 2002ರ ನಿಯಮದಲ್ಲಿ, ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ಇದೆ. ಡೋಸ್ ಪುಟ ನಿಮ್ಮ ಸ್ಕ್ಯಾನಿನ ಭಾಗವೇ, ಅಂದಮೇಲೆ ಅದೂ ದಾಖಲೆಯೇ ಅನ್ನೋದು ನನ್ನ ವಾದ. ಖಾಸಗಿ ಆಸ್ಪತ್ರೆ ಕೊಡದಿದ್ದರೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕು ಇದ್ದೇ ಇದೆ. ಆದರೆ ಅಲ್ಲಿವರೆಗೆ ಹೋಗೋ ಅವಶ್ಯಕತೆ ಬರಲ್ಲ, ಲಿಖಿತವಾಗಿ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ.

ಕಬ್ಬಿನ ಹೊಲ, ಜಮಖಂಡಿ

ವಕೀಲರೇ, ಅರ್ಜಿ ಹೇಗೆ ಬರೆಯಬೇಕು ಅಂತ ಕನ್ನಡದಲ್ಲಿ ಒಂದು ನಮೂನೆ ಹಾಕಿ. ಎಲ್ಲರಿಗೂ ಉಪಯೋಗ ಆಗುತ್ತದೆ.

ವಕೀಲ, ಖಾನಾಪುರ

ಉದ್ದ ಬೇಡ, ಇಷ್ಟು ಸಾಕು:

"ವೈದ್ಯಕೀಯ ಅಧೀಕ್ಷಕರಿಗೆ, ನಾನು ಇಂಥ ದಿನಾಂಕದಂದು ತಮ್ಮಲ್ಲಿ ಇಂಥ ಭಾಗದ ಸಿ.ಟಿ. ಸ್ಕ್ಯಾನ್ ಮಾಡಿಸಿಕೊಂಡಿದ್ದೇನೆ. ರಸೀದಿ ಸಂಖ್ಯೆ ಇಷ್ಟು. ಸದರಿ ಸ್ಕ್ಯಾನಿನ ರಿಪೋರ್ಟ್, ಚಿತ್ರಗಳ ಸಿ.ಡಿ. ಹಾಗೂ ಅದರೊಂದಿಗೆ ಯಂತ್ರ ದಾಖಲಿಸಿದ ಡೋಸ್ ರಿಪೋರ್ಟ್ ಪುಟದ ಪ್ರತಿಯನ್ನು ನನ್ನ ಮುಂದಿನ ಚಿಕಿತ್ಸೆಗಾಗಿ ಕೊಡಬೇಕೆಂದು ಕೋರುತ್ತೇನೆ."

ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಂಡು ಇಟ್ಟುಕೊಳ್ಳಿ. "ಮುಂದಿನ ಚಿಕಿತ್ಸೆಗಾಗಿ" ಅನ್ನೋದನ್ನು ಬಿಡಬೇಡಿ, ಕೇಸು ಹಾಕೋಕೆ ಬಂದಿದ್ದಾರೆ ಅಂತ ಅವರು ಗಾಬರಿ ಆಗಲ್ಲ.

ಕನ್ಸೋಲ್ ಹಿಂದಿನವ, ಬೆಳಗಾವಿ

ವಕೀಲರೇ, ರಸೀದಿ ಸಂಖ್ಯೆ ಜೊತೆಗೆ ಪೇಷಂಟ್ ಐ.ಡಿ. ಕೂಡ ಸೇರಿಸಿ. ಅದು ಫಿಲ್ಮಿನ ಮೂಲೆಯಲ್ಲಿ ಹೆಸರಿನ ಕೆಳಗೆ ಇರುತ್ತದೆ. ನಮ್ಮ ಸಿಸ್ಟಂನಲ್ಲಿ ಹುಡುಕೋದು ಅದರಿಂದಲೇ, ರಸೀದಿಯಿಂದ ಸಿಗಲ್ಲ. ಆಮೇಲೆ ಬೇಗ ಕೇಳಿ. ಸರ್ವರ್ ತುಂಬಿದ ಹಾಗೆ ಹಳೇದನ್ನು ಅಳಿಸುತ್ತಾ ಹೋಗುತ್ತೇವೆ. ಸ್ಕ್ಯಾನ್ ಆದ ದಿನವೇ, ಸಿ.ಡಿ. ಬರೆಯೋಕೆ ಮುಂಚೆ, "ಡೋಸ್ ಪೇಜ್ ಸೇರಿಸ್ರಿ" ಅಂತ ಕೌಂಟರಿನಲ್ಲಿ ಹೇಳಿಬಿಟ್ಟರೆ ಅರ್ಜಿಯೂ ಬೇಡ. ನಮಗೆ ಅದು ಒಂದು ಟಿಕ್ ಹಾಕೋ ಕೆಲಸ.